ಕಾಬ್‌ಹಿಲ್‌ಗೆ ಮಸಿ ಬಳಿದವನು

“ಇದನ್ನ ಪಿಸ್ತೂಲು ಅಂತಾರಾ ಮಾರಾಯ? ಇಟ್ಟಿಗೆ ಇದು. ಗುಂಡು ಹಾರೋದಕ್ಕಿಂತ ಸಿಕ್ಕಾಕ್ಕೊಳ್ಳೋದೇ ಜಾಸ್ತಿ.”

ಎಲ್ಡನ್ ಟ್ಯಾಕೆಟ್ ಕಾಬ್‌ಹಿಲ್ ಪಿಸ್ತೂಲನ್ನು ಗಾಜಿನ ಕೌಂಟರಿನ ಮೇಲೆ ತಾತ್ಸಾರದಿಂದ ಇಟ್ಟ. ಒಳಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ರೊಂಡಾಳಿಗೆ ಮೈ ಉರಿಯಿತು. ಬಂದೂಕಿನ ಅಂಗಡಿ ಅವಳದು. ಕೊಂಡು ನಾಲ್ಕು ತಿಂಗಳು. ಈ ಊರಿಗೆ ಬಂದದ್ದೂ ಆಗಲೇ. ಒಹಾಯೋದ ಈ ಮೂಲೆಯಲ್ಲಿ ಕಾಬ್‌ಹಿಲ್‌ಗಿಂತ ಅಗ್ಗದ ಪಿಸ್ತೂಲಿಲ್ಲ. ಮಾರಬೇಕಾದವನೇ ಅದಕ್ಕೆ ಮಸಿ ಬಳಿಯುತ್ತಿದ್ದ.

ಗಿರಾಕಿಯ ಹೆಸರು ಕರ್ಟಿಸ್. ಮೂವತ್ತು ದಾಟಿರಬಹುದು. ಹೊರಗೆ ಅವನ ಪಿಕಪ್‌ನಲ್ಲಿ ಒಂದು ನಾಯಿ ಕಿಟಕಿಗೆ ಮೂತಿ ಒತ್ತಿ ಕೂತಿತ್ತು.

“ಪರವಾಗಿಲ್ಲ. ಇದೇ ಕೊಡಿ,” ಎಂದ.

“ಜೀವಮಾನದ ಗ್ಯಾರಂಟಿ ಅಂತೇನೋ ಇದೆ. ಆದ್ರೆ ಕಂಪನಿಗೆ ಕಳಿಸಿ ತಿಂಗಳುಗಟ್ಟಲೆ ಕಾಯ್ಬೇಕು.”

“ಗ್ಯಾರಂಟಿ ಎಲ್ಲ ಬೇಡ.”

ಎಲ್ಡನ್ ಅವನನ್ನೇ ನೋಡಿದ. ಬೇರೆ ಯಾವ ಮಾರಾಟಗಾರನಾದರೂ ಈ ಹೊತ್ತಿಗೆ ದುಬಾರಿ ಮಾಲು ತೆಗೆದು ತೋರಿಸುತ್ತಿದ್ದ. ಎಲ್ಡನ್ ಕಾಬ್‌ಹಿಲ್ಲನ್ನು ಕಪಾಟಿಗೆ ಹಾಕಿ ಬೀಗ ಜಡಿದ.

“ನಿಮಗೆ ನಾಯಿ ಬೇಕಾ?” ಕರ್ಟಿಸ್ ಥಟ್ಟನೆ ಕೇಳಿದ. “ಹೇಳಿದ ಮಾತು ಕೇಳುತ್ತೆ.”

“ನಾಳೆ ಬೆಳಿಗ್ಗೆ ಏಳಕ್ಕೆ ಎದುರಿನ ಹೋಟೆಲ್‌ಗೆ ಬಾ, ತಿಂಡಿ ತಿನ್ತಾ ಮಾತಾಡೋಣ. ನಾಯೀನೂ ಕರ್ಕೊಂಡ್ ಬಾ. ಅದಕ್ಕೂ ಮುಂಚೆ ಬೇಕು ಅನ್ನಿಸಿದ್ರೆ ಫೋನ್ ಮಾಡು. ಯಾವಾಗಾದ್ರೂ ಸರಿ.” ಅಂಗಡಿಯ ಚೀಟಿಯ ಬೆನ್ನಿಗೆ ತನ್ನ ಮನೆಯ ನಂಬರ್ ಬರೆದುಕೊಟ್ಟ.

ಕರ್ಟಿಸ್ ಹೋಗೋದೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಚೀಟಿಯನ್ನು ಜೇಬಿಗಿಟ್ಟುಕೊಂಡು ಹೊರಟ.

ಮನೆಯ ನಂಬರ್! ರೊಂಡಾಳಿಗೆ ಎಲ್ಲ ತಿಳಿದುಹೋಯಿತು. ಈ ತಿಂಗಳಲ್ಲಿ ಹೀಗೆ ಬರಿಗೈಲಿ ಹೋದ ಮೂರನೇ ಗಿರಾಕಿ ಇವನು. ಹೋದ ವಾರ ಕೌಂಟರಿನ ಮುಂದೆಯೇ ಜಗಳವಾಡುತ್ತ ನೂರೆಂಟು ಪ್ರಶ್ನೆ ಕೇಳಿದ ಮುದಿ ದಂಪತಿಗೆ ಇದೇ ಎಲ್ಡನ್ ಇದೇ ಪಿಸ್ತೂಲನ್ನು “ಕಲ್ಲಿನಂಥ ಮಾಲು” ಎಂದು ಹೊಗಳಿ ಮಾರಿದ್ದ. ಒಂಟಿಯಾಗಿ ಬಂದ ಪಾಪದವರನ್ನು ಮಾತ್ರ ಆರಿಸಿಕೊಂಡು ಮನೆಗೆ ಎಳೆಯುತ್ತಿದ್ದಾನೆ, ಅಲ್ಲಿ ಸ್ವಂತ ವ್ಯಾಪಾರ. ಬಂದೂಕು ಮಾರುವಾಗ ತುಂಬಿಸಬೇಕಾದ ಸರ್ಕಾರಿ ಫಾರಂನ ತಾಪತ್ರಯವೂ ಇಲ್ಲ.

ಅವಳು ಕಪಾಟಿನ ಬೀಗ ತೆಗೆಸಿ, ಅದೇ ಕಾಬ್‌ಹಿಲ್ಲನ್ನು ಹಿಂದಿನ ಗುರಿ ಅಭ್ಯಾಸದ ಕೋಣೆಗೆ ಒಯ್ದಳು. ಗೋಡೆಯಾಚೆ ಗುಂಡಿನ ಸದ್ದು ಒಂದೇ ಲಯದಲ್ಲಿ ಕೇಳಿತು. ಪ್ರತಿ ಸದ್ದಿಗೂ ಎಲ್ಡನ್ ಕಣ್ಣು ಮುಚ್ಚುತ್ತಿದ್ದ. ಮೂವತ್ತು ವರ್ಷ ಬಂದೂಕಿನ ಅಂಗಡಿಯಲ್ಲಿ ದುಡಿದವನು.

ರೊಂಡಾ ಹಿಂತಿರುಗಿ ಬಂದು ಪಿಸ್ತೂಲನ್ನು ಅವನ ಮುಂದಿಟ್ಟಳು.

“ಐವತ್ತು ಗುಂಡು ಹೊಡೆದೆ. ಒಂದಾದ್ರೂ ಸಿಕ್ಕಾಕ್ಕೊಳ್ತಾ? ಇಲ್ಲ. ನನ್ನ ಗಿರಾಕೀನ ಓಡಿಸಿ ಮನೇಲಿ ಅಂಗಡಿ ತೆಗೆದಿದ್ದೀರೇನ್ರೀ ಎಲ್ಡನ್? ನಿಜ ಹೇಳಿ. ಇಲ್ಲಾಂದ್ರೆ ಬೀಗದ ಕೈ ಇಟ್ಟು ಹೊರಡಿ.”

ಎಲ್ಡನ್ ಸ್ಟೂಲಿನ ಮೇಲೆ ಕೂತ. ಅರವತ್ತಮೂರು ವಯಸ್ಸು. ಹೆಂಡತಿಯ ಡಯಾಲಿಸಿಸ್ ನಡೆಯುತ್ತಿದ್ದದ್ದು ಈ ಕೆಲಸದ ಜೊತೆಗೆ ಬಂದ ಆರೋಗ್ಯ ವಿಮೆಯಿಂದ. ಬೇರೆಲ್ಲೂ ಯಾರೂ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ. ಅದೆಲ್ಲ ರೊಂಡಾಳಿಗೂ ಗೊತ್ತಿತ್ತು. ಅವನು ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಕೌಂಟರಿನ ಮೇಲಿಟ್ಟ. ತುಂಬ ದಣಿದಿದ್ದ.

“ಅದು ಸಿಕ್ಕಾಕ್ಕೊಳ್ಳಲ್ಲ ಅಂತ ನನಗೆ ಗೊತ್ತು ರೊಂಡಾ,” ಎಂದ. “ಆರು ವರ್ಷದ ಹಿಂದೆ ನನ್ನ ತಮ್ಮ ವೇಡ್ ಒಬ್ಬನೇ ಬಂದ, ಅಗ್ಗದ್ದು ಸಾಕು ಅಂದ, ಗ್ಯಾರಂಟಿ ಬೇಡ ಅಂದ. ನಾನೇ ಇಲ್ಲಿ ನಿಂತು, ಇಂಥದ್ದೇ ಕಾಬ್‌ಹಿಲ್ಲನ್ನ ಯಾವತ್ತೂ ಕೈಕೊಡಲ್ಲ ಅಂತ ಹೊಗಳಿ ಮಾರಿದೆ.”

ಬಾಗಿಲಾಚೆ ಖಾಲಿಯಾದ ಪಾರ್ಕಿಂಗ್ ಜಾಗವನ್ನೇ ನೋಡುತ್ತ ಮಾತು ಮುಗಿಸಿದ:

“ಅವತ್ತೇ ಸಾಯಂಕಾಲ, ಅವನು ತಲೆಗಿಟ್ಟುಕೊಂಡಾಗ, ಅದು ಮೊದಲನೇ ಸಲಕ್ಕೇ ಕೆಲಸ ಮಾಡ್ತು.”