ದಾರಿ ಗೊತ್ತಿಲ್ಲದ ಟೈರು

ಟೈರು ತಾನು ಸವೆಸಿದ ದಾರಿಯನ್ನು ಮರೆಯುವುದಿಲ್ಲ. ಸೆಕೆಂಡ್‌ಹ್ಯಾಂಡ್ ಟೈರು ಹಾಕಿಸಿದವರು ಹಳೇ ಮಾಲೀಕನ ಮನೆಗೂ ಹೋಗಿಬರಬೇಕು, ಅಷ್ಟೇ. ಚನ್ನಕೇಶವನನ್ನು ಅವನ ಬೈಕು ದಿನಾ ಸಂಜೆ ಶಾರದಮ್ಮನವರ ಗೇಟಿಗೆ ಒಯ್ಯುತ್ತಿತ್ತು. ಆ ಟೈರು ಅವರ ತೀರಿಕೊಂಡ ಮಗನದು. ಅವರು ಏನೂ ಕೇಳದೆ ಕಾಫಿ ಕೊಡುತ್ತಿದ್ದರು. ಇವನು ಏನೂ ಹೇಳದೆ ಕುಡಿದು ಹೊರಡುತ್ತಿದ್ದ.

"ಪೂರಾ ಬೋಳಾಗಿದೆ ಸಾರ್, ಮಳೇಲಿ ಜಾರುತ್ತೆ," ಎಂದು ಪಂಕ್ಚರ್ ಅಂಗಡಿಯ ನಸ್ರುಲ್ಲಾ ಹೊಸದನ್ನೇ ಹಾಕಿದ. ಅದಕ್ಕೆ ಯಾವ ದಾರಿಯೂ ಗೊತ್ತಿರಲಿಲ್ಲ.

ಸಂಜೆ ಶಾರದಮ್ಮ ಕಾಫಿ ಲೋಟ ಕೊಡುತ್ತಾ ಚಕ್ರದ ಕಡೆ ನೋಡಿದರು.

"ಟೈರ್ ಹೊಸದು."

"ಹೂನಮ್ಮ. ಹಳೇದು ಸವೆದೋಗಿತ್ತು."

"ಮತ್ತೆ ಇಲ್ಲಿಗೆ ಹೆಂಗೆ ಬಂದೆ?"

"ಹ್ಯಾಂಡಲ್ ತಿರುಗಿಸ್ದೆ."

ಶಾರದಮ್ಮ ಗೇಟನ್ನು ಪೂರ್ತಿ ತೆರೆದರು.

"ನಿನ್ನ ಹೆಸರೇನಪ್ಪ?"