ಶುಕ್ರವಾರದ ಕಡಲು

ಕಾಲೇಜಿನ ಲ್ಯಾಬಿಗೆ ಹೊರಟ ಮಗಳು ದೀಕ್ಷಿತಾ ಚೀಲದ ಬಾಯಿ ಅಗಲಿಸಿ ಹಿಡಿದಿದ್ದರೂ ಕಮಲ ಹವಳದ ಕಲ್ಲನ್ನು ಮಡಿಲಿನಿಂದ ಬಿಡಲಿಲ್ಲ. ಗಲ್ಫಿನಲ್ಲಿ ತೀರಿಕೊಂಡ ಗಂಡ ಪ್ರೇಮನಾಥ ಕೊನೆಯ ರಜೆಯಲ್ಲಿ ಮಂಜೇಶ್ವರಕ್ಕೆ ಬಂದಾಗ ತಂದದ್ದು ಅದು, ಅವನಿದ್ದ ಕೆಲಸಗಾರರ ಕ್ಯಾಂಪಿನ ಎದುರಿನ ಕಡಲಿನದು.

“ಅಮ್ಮ, ಇದು ವರ್ಷಕ್ಕೊಂದು ಪದರ ಬೆಳೀತದೆ. ಆ ವರ್ಷ ಕಡಲಿಗೆ ಕಕ್ಕಸಿನ ನೀರು ಸೇರಿದ್ದರೆ ಆ ಪದರದಲ್ಲಿ ಗುರುತು ಉಂಟು. ಸೀಳದೆ ಗೊತ್ತಾಗುವುದಿಲ್ಲ.”

“ಗೊತ್ತಾಗಿ ಎಂತ ಆಗ್ಬೇಕು? ಅವರೇ ಹೇಳಿದ್ದಾರಲ್ಲ.” ಕಮಲ ಮೂಗು ಹಿಡಿದು ಗಂಡನ ಫೋನಿನ ದನಿ ತೆಗೆದಳು: “ಹಲೋ, ಕೇಳ್ತದಾ? ಇಲ್ಲಿ ಎಲ್ಲ ಚೊಕ್ಕ ಉಂಟು ಮಾರಾಯ್ತಿ. ಶುಕ್ರವಾರ ರಜೆ, ಕಡಲಲ್ಲೇ ಸ್ನಾನ, ರಾಜನ ಹಾಗೆ!” ಮಗಳು ನಕ್ಕಳು. ಕಮಲ ನಗಲಿಲ್ಲ.

ದೀಕ್ಷಿತಾ ಮೊದಲೇ ತೆಗೆಸಿಟ್ಟಿದ್ದ ಕಲ್ಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಮಲ ಹೊರ ಅಂಚಿನಿಂದ ಉಗುರಿನಲ್ಲಿ ಗೆರೆ ಎಣಿಸುತ್ತಾ ಹೋಗಿ, ಆ ರಜೆಯವರೆಗೆ ಅವನು ಅಲ್ಲಿ ಕಳೆದಿದ್ದ ಹದಿನಾಲ್ಕು ವರ್ಷಕ್ಕೆ ನಿಂತು, ಬೆರಳುಗಳನ್ನು ಅಡ್ಡ ಇಟ್ಟು ಅಳೆದಳು. ನಾಲ್ಕೇ ಬೆರಳು.

“ನಾನು ಕಾದದ್ದು ಇಷ್ಟೇಯಾ?”

ಮಗಳು ಎಕ್ಸ್‌ರೇ ಕೆಳಗಿಳಿಸಿದಳು. ಕಮಲ ಕಲ್ಲನ್ನು ತಾನೇ ಚೀಲಕ್ಕೆ ಇಳಿಸಿದಳು. “ಸೀಳು. ಅವರು ಎಂಥ ನೀರಿಗೆ ಇಳೀತಿದ್ರು ಅಂತ ಮೊದಲು ನನಗೆ ಹೇಳ್ಬೇಕು. ನಿನ್ನ ಸಾರ್‌ಗೆ ಆಮೇಲೆ.”