ಕೊನೆಯ ಪ್ರಯತ್ನ

ಇನ್ನೊಂದು ಸಲ ತಪ್ಪಿದರೆ ಖಾತೆ ಮುಚ್ಚುವುದಾಗಿ ಲ್ಯಾಪ್‌ಟಾಪ್ ಪರದೆ ಎಚ್ಚರಿಸಿತು. ಮಗಳ ಕೆಲಸದ ಆನ್‌ಲೈನ್ ಸಂದರ್ಶನ ಇನ್ನೇನು ಶುರುವಾಗಬೇಕು. ಅವಳ ಬೆರಳು ಎಂಟರ್ ಮೇಲಿತ್ತು.

"ಪಾಸ್‌ವರ್ಡ್ ಸರಿಯಾಗೇ ಇದೆ ಅಮ್ಮಾ. ಇದೆಲ್ಲ ಅಣ್ಣನ ಘನಕಾರ್ಯ. ಎಲ್ಲಾ ಅಳಿಸಿ ಹೊಸ ಸಿಸ್ಟಮ್ ಹಾಕು ಅಂತ ಯಾರು ಹೇಳಿದ್ರು ಇವನಿಗೆ?"

"ತೆವಳ್ತಿತ್ತಲ್ಲ, ಅದಕ್ಕೇ," ಅಣ್ಣ ಗೊಣಗಿದ.

ಅಮ್ಮ ಒದ್ದೆ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದಳು. "ತಡಿ ಪುಟ್ಟಿ. ಅಲ್ಲಿ ಬರೀ ಚುಕ್ಕೆ ಕಾಣ್ತಿದೆ. ಅಕ್ಷರ ಕಾಣೋ ಕಡೆ ಒಂದ್ಸಲ ಒತ್ತಿ ನೋಡು."

ಹೆಸರಿನ ಜಾಗದಲ್ಲಿ ಅವಳು ಪಾಸ್‌ವರ್ಡನ್ನೇ ಒತ್ತಿದಳು. '@' ಬರಬೇಕಾದಲ್ಲಿ ಉದ್ಧರಣ ಚಿಹ್ನೆ ಬಂತು.

ಅಣ್ಣನ ಮುಖ ಸಪ್ಪಗಾಯಿತು. "ಹೊಸ ಸಿಸ್ಟಮ್ ಹಾಕುವಾಗ ಕೀಬೋರ್ಡ್ ಬೇರೆ ದೇಶದ್ದು ಆರಿಸಿಬಿಟ್ಟಿದ್ದೀನಿ ಕಣೇ. ಚಿಹ್ನೆಗಳ ಜಾಗ ಬದಲಾಗಿದೆ."

ಅವಳು ಬೈಯಲಿಲ್ಲ. ಕುರ್ಚಿ ಬಿಟ್ಟೆದ್ದು, "ನೀನೇ ಸರಿಮಾಡು, ಬೇಗ," ಎಂದಳು. ಅವನು ಸರಿಮಾಡಿದ ಮೇಲೆ ಅವಳು ನಿಂತಲ್ಲೇ ಬಗ್ಗಿ ಪಾಸ್‌ವರ್ಡ್ ಒತ್ತಿದಳು.

ಪರದೆಯಲ್ಲಿ ಸಂದರ್ಶಕರ ಮುಖಗಳು ಮೂಡಿದಾಗ ಅವನಿನ್ನೂ ಅವಳ ಕುರ್ಚಿಯಲ್ಲೇ ಕೂತಿದ್ದ.